ನವನಗರದ ಆಯಿ ಮನೆ

ನೀವೆಲ್ಲ ದವಾಖಾನೆಗೋ ಕಚೇರಿ ಕೆಲಸಕ್ಕೋ ಬಾಗಲಕೋಟೆಯ ನವನಗರಕ್ಕೆ ಹೋಗಿರುತ್ತೀರಿ. ಕೆಲಸ ಮುಗಿದ ಕೂಡಲೇ ಬಸ್ ಹಿಡಿದು ಬಂದಿರುತ್ತೀರಿ. ನನ್ನ ಅವ್ವನ ತವರುಮನೆ ಅಲ್ಲೇ ಇರುವುದರಿಂದ ನಾನು ಪ್ರತಿ ಸೂಟಿಯಲ್ಲಿ ಅಲ್ಲಿ ಉಳಿಯುತ್ತೇನೆ. ಆದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ನವನಗರ ತಾನಾಗಿಯೇ ಬೆಳೆದ ಊರಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅಲ್ಲಿ ಕೃಷ್ಣೆಯ ನೀರು ನಿಂತರೆ ಇಲ್ಲಿ ಘಟಪ್ರಭೆಗೆ ಹಿನ್ನೀರು ಬಂದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗುತ್ತವೆ. ಆ ಮನೆಯವರಿಗಾಗಿ ಎತ್ತರದ ಜಾಗದಲ್ಲಿ ಈ ಹೊಸ ಊರು ಕಟ್ಟಿದರು. ಇದರ ಯೋಜನೆ ಮಾಡುವ ಕೆಲಸದಲ್ಲಿ ಚಾರ್ಲ್ಸ್ ಕೊರಿಯಾ ಎಂಬ ದೊಡ್ಡ ವಾಸ್ತುಶಿಲ್ಪಿ ಇದ್ದರು. ನವಿ ಮುಂಬೈ ಯೋಜನೆಯಲ್ಲಿಯೂ ಅವರಿದ್ದರು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳೂ ನವನಗರಕ್ಕೇ ಬಂದವು.

ಅಲ್ಲಿ ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. ರಸ್ತೆಗಳು ಅಗಲ, ನೆಟ್ಟಗೆ. ನಮ್ಮೂರಲ್ಲಿ ಎರಡು ಚಕ್ಕಡಿ ಎದುರಾದರೆ ಜಗಳವೇ, ಅಲ್ಲಿ ಆ ತೊಂದರೆ ಇಲ್ಲ. ಆದರೆ ನಮ್ಮ ಆಯಿಗೆ ಈ ನಂಬರ್ ಇನ್ನೂ ಒಗ್ಗಿಲ್ಲ. ಬಾಜೂ ಮನೆಯವರನ್ನು ಇಪ್ಪತ್ತು ವರ್ಷದಿಂದ ನೋಡಿದ್ದರೂ “ಅಕಿ ವೆಂಕಟಪೇಟಿ ಪೈಕಿ, ನಾವು ಕಿಲ್ಲಾದವ್ರು” ಅಂತಾಳೆ. ಹಳೆ ಬಾಗಲಕೋಟೆಗೆ ಹೊರಟರೆ “ಊರಿಗೆ ಹೋಗಿ ಬರ್ತೀನಿ” ಅಂತಾಳೆ. ಹಂಗಾರ ನೀ ಈಗ ಇರೋದು ಯಾವೂರು ಅಂತ ಕೇಳಿದರೆ ನಗತಾಳೆ.

ಹೋಳಿ ಹುಣ್ಣಿಮೆ ಬಂತೆಂದರೆ ಮಾಮಾ ಸಹ ನವನಗರದಲ್ಲಿ ನಿಲ್ಲುವುದಿಲ್ಲ. ಹಲಗೆ ತೊಗೊಂಡು ಹಳೆ ಊರಿಗೇ ಓಡುತ್ತಾನೆ. ಬಾಗಲಕೋಟೆಯ ಹೋಳಿ ಒಂದು ದಿನದ್ದಲ್ಲ. ಬ್ಯಾರಲ್ಲಿನಲ್ಲಿ ಬಣ್ಣ ತುಂಬಿ ಬಂಡಿ, ಟ್ರ್ಯಾಕ್ಟರ್ ಮೇಲೆ ಹೊರಡುತ್ತಾರೆ. ಅದೂ ಹಳೆ ಪೇಟೆಗಳ ಹೆಸರಲ್ಲೇ. ಸೆಕ್ಟರಿನ ಹೆಸರಲ್ಲಿ ಹಲಗೆ ಬಾರಿಸಿದ್ದನ್ನು ನಾನಂತೂ ಕೇಳಿಲ್ಲ.

ಆಯಿ ಹೇಳುವುದರಲ್ಲಿ ನನಗೆ ಹೆಚ್ಚು ನೆನಪಿರುವುದು ಮನೆ ಮುಳುಗಿದ್ದಲ್ಲ, ಅದಕ್ಕೂ ಮೊದಲಿನ ಮಾತು. “ಲಗ್ನ ಆಗಿ ಬಂದ ದಿನದಿಂದ ಇವತ್ತ ಮುಳುಗ್ತೈತಿ, ನಾಳೆ ಮುಳುಗ್ತೈತಿ ಅಂತಿದ್ರು. ಹೆಂಗೂ ಬಿಡೋ ಮನಿ ಅಂತ ನಿಮ್ಮ ಮುತ್ಯಾ ಒಂದು ಬಾಗಲಾ ಸೈತ ರಿಪೇರಿ ಮಾಡಿಸಲಿಲ್ಲ. ಮಳಿ ಬಂದ್ರ ಬೋಗಾಣಿ ಇಟಗೊಂಡು ಕುಂತಿರತಿದ್ವಿ. ನಿಮ್ಮವ್ವ ಆರನೇತ್ತ ಓದೋ ಮುಂದ ಮನಿ ಬಿಟ್ವಿ.” ಅಷ್ಟು ವರ್ಷ ಸೋರುವ ಮನೆಯಲ್ಲಿ ಬದುಕಿದರು ಎಂದಾಯಿತು.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಈಗ ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರ್‌ಗೆ ಏರಿಸಬಹುದು ಎಂದು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಹೇಳಿತು. ಹಾಗಾದರೆ ನಮ್ಮೂರೂ ಹೋಗುತ್ತದೆ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುವುದನ್ನು ನೀವೂ ಕೇಳಿದ್ದೀರಿ. ನಾನು ಹುಟ್ಟುವ ಮೊದಲಿನಿಂದ ಅದೇ ಮಾತು. ನಮ್ಮ ಓಣಿಯಲ್ಲಿ ಗ್ವಾಡಿ ಬಿದ್ದರೆ ತಗಡು ಆನಿಸಿ ಬಿಡುತ್ತಾರೆ. ಗಂಡುಮಕ್ಕಳಿಗೆ ಕನ್ಯಾ ಕೊಡುವವರೂ “ಮುಳುಗೋ ಊರಲ್ಲೇನು?” ಅಂತ ಕೇಳುತ್ತಾರಂತೆ.

ಕಳೆದ ಮಳೆಗಾಲದಲ್ಲಿ ಆಯಿ ನಮ್ಮ ಮನೆಗೆ ಬಂದಿದ್ದಳು. ರಾತ್ರಿ ಮಾಳಿಗೆ ಸೋರಿ ನನ್ನ ಪುಸ್ತಕದ ಚೀಲ ತೊಯ್ದಿತು. ಮುಂಜಾನೆ ಆಯಿ ಅಪ್ಪನಿಗೆ, “ಮಾಳಿಗಿಗೆ ಮಣ್ಣ ಹಾಕಸ್ರಿ” ಅಂದಳು.

“ಮುಳುಗೋ ಮನಿಗೆ ಯಾಕ್ರಿ ಅತ್ತಿ ಸುಮ್ನ ರೊಕ್ಕ?” ಅಂದ ಅಪ್ಪ.

“ನೀರು ಕೆಳಗಿಂದ ಯಾವಾಗ ಬರ್ತೈತೋ ಬರಲಿ. ಮ್ಯಾಲಿಂದು ಈಗ ಬಂದೈತಲ್ರಿ” ಅಂದಳು ಆಯಿ.

ಅಪ್ಪ ಆಗ ಏನೂ ಅನ್ನಲಿಲ್ಲ. ಯುಗಾದಿ ಆದ ಮೇಲೆ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿದ. ಅಡುಗೆ ಮನೆ ಮತ್ತು ನಾವು ಓದುವ ಕೋಲಿ ಮೇಲೆ ಹಾಕಿಸಿ ಆಗಿದೆ. ಪಡಸಾಲಿದು ಬಾಕಿ ಐತಿ.

— 9ನೇ ತರಗತಿಯ ವಿದ್ಯಾರ್ಥಿನಿ