ಎಣ್ಣೆ, ನೀರು, ಸ್ನೇಹ

ಹಳೆಯ ಕಾರನ್ನು ಇಟ್ಟುಕೊಂಡವನಿಗೆ ಲೋಕವು ಕೇಳುವ ಪ್ರಶ್ನೆಗಳು ಎರಡೇ. "ಇದು ಇನ್ನೂ ಓಡುತ್ತದೆಯೇ?" ಎಂಬುದು ಮೊದಲನೆಯದು, "ಲೀಟರಿಗೆ ಎಷ್ಟು ಕೊಡುತ್ತದೆ?" ಎಂಬುದು ಎರಡನೆಯದು. ಪೆಟ್ರೋಲಿನ ಹೊರತು ಅದು ಇನ್ನೇನನ್ನು ಕುಡಿಯುತ್ತದೆ ಎಂದು ವಿಚಾರಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಮುದಿ ಕಾರಿನ ಆಯುಸ್ಸಾದರೋ ಬಹುಮಟ್ಟಿಗೆ ನಿಂತಿರುವುದು ಯಾರೂ ಕೇಳದ ಈ ಪ್ರಶ್ನೆಯ ಮೇಲೆಯೇ.

ನಮ್ಮ ಮನೆಯ ಗಾಡಿ 1972ರ ಅಂಬಾಸಿಡರ್, ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ, ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 2014ರಲ್ಲಿ ಅಂಬಾಸಿಡರಿನ ತಯಾರಿಕೆಯನ್ನು ನಿಲ್ಲಿಸಿತು. ತಂದೆಯವರು ಕೊಂಡ ಈ ಗಾಡಿ ವಯಸ್ಸಿನಲ್ಲಿ ನನಗಿಂತ ಹಿರಿದು. ಆದ್ದರಿಂದ ಮನೆಯಲ್ಲಿ ಅದಕ್ಕೆ ನನ್ನ ಅಣ್ಣನ ಸ್ಥಾನ. ಬೆಳಗಿನ ಹೊತ್ತು ಬಾನೆಟ್ಟನ್ನು ಎತ್ತಿ ನಿಂತ ನನ್ನನ್ನು ಕಂಡು ನನ್ನಾಕೆ, "ಭಾವನವರ ನಾಡಿ ನೋಡಿ ಆಯಿತೇ? ಕಾಫಿ ಆರಿಹೋಗುತ್ತಿದೆ" ಎನ್ನುವುದುಂಟು.

ನಾಡಿಯೆಂಬ ಮಾತು ಸರಿಯಾದದ್ದೇ. ಎಂಜಿನ್ನಿನ ಎಣ್ಣೆಯನ್ನು ಅಳೆಯಲು ಉದ್ದನೆಯ ಕಡ್ಡಿಯೊಂದಿದೆ. ಗಾಡಿ ಸಮನೆಲದಲ್ಲಿ ನಿಂತಿರಬೇಕು. ಎಂಜಿನ್ನು ನಿಂತು ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿದಿರಬೇಕು. ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರಸಿ, ಮತ್ತೊಮ್ಮೆ ಅದ್ದಿ ತೆಗೆದರೆ ಎರಡು ಗುರುತುಗಳ ನಡುವೆ ಎಣ್ಣೆ ಕಾಣಬೇಕು. ಮಟ್ಟವೊಂದನ್ನೇ ನೋಡಿದರೆ ಸಾಲದು. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಎಂಜಿನ್ನಿಗೇ ಪೆಟ್ರೋಲ್ ಪಂಪನ್ನು ಜೋಡಿಸಿದ ಹಳೆಯ ಗಾಡಿಗಳಲ್ಲಿ, ಪಂಪಿನ ಪೊರೆ ಹರಿದರೆ ಪೆಟ್ರೋಲು ಎಣ್ಣೆಯ ತೊಟ್ಟಿಗೆ ಇಳಿಯುತ್ತದೆ. ಕಡ್ಡಿಯನ್ನು ಮೂಸಿದರೆ ಗೊತ್ತಾಗುತ್ತದೆ. ಎಣ್ಣೆ ತಾನಾಗಿ ಏರಿತೆಂದು ಸಂತೋಷಪಡುವಂತಿಲ್ಲ. ಕರೆಯದ ಅತಿಥಿ ಒಳಗೆ ಬಂದು ಕುಳಿತಿದ್ದಾನೆಂದೇ ಅದರ ಅರ್ಥ.

ರೇಡಿಯೇಟರಿನ ವಿಚಾರಣೆ ಗಾಡಿ ತಣ್ಣಗಿರುವಾಗಲೇ ನಡೆಯತಕ್ಕದ್ದು. ಬಿಸಿಯಾದ ಎಂಜಿನ್ನಿನ ನೀರು ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಆ ಕ್ಷಣವೇ ಕುದಿದು, ತೆರೆದವನ ಮುಖಕ್ಕೆ ಎರಚುತ್ತದೆ. ಕೊಳವೆಬಾವಿಯ ಗಡಸುನೀರನ್ನು ಅದಕ್ಕೆ ಹಾಕುತ್ತ ಬಂದರೆ ಬಚ್ಚಲ ಹಂಡೆಯಲ್ಲಿ ಕಟ್ಟುವಂತೆ ಅಲ್ಲಿಯೂ ಸುಣ್ಣ ಕಟ್ಟುತ್ತದೆ. ಅದಕ್ಕೆಂದೇ ಮಾರುವ ಕೂಲೆಂಟನ್ನು ಬಳಸುವುದು ಒಳ್ಳೆಯದು. ಆದರೆ ಸಾಮಾನ್ಯವಾದ ಕೂಲೆಂಟು ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ಮಕ್ಕಳ ಕೈಗೂ ನಾಯಿಯ ಬಾಯಿಗೂ ಎಟುಕದಂತೆ ಇಡಬೇಕು. ಬ್ಯಾಟರಿಗೆ ಬೇಕಾದದ್ದು ಡಿಸ್ಟಿಲ್ಡ್ ನೀರು ಮಾತ್ರ. ಕಡಿಮೆಯಾಗುವುದು ನೀರೇ ಹೊರತು ಆಮ್ಲವಲ್ಲ. ಇನ್ನು ಗೇರು ಪೆಟ್ಟಿಗೆ ಮತ್ತು ಹಿಂದಿನ ಡಿಫರೆನ್ಷಿಯಲ್ ಎರಡೂ ಬಡ ನೆಂಟರಂತೆ. ಕೂಗಿಕೊಳ್ಳುವವರೆಗೆ ಯಾರಿಗೂ ಅವುಗಳ ನೆನಪಿರುವುದಿಲ್ಲ.

ಇವೆಲ್ಲ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕಿನ ದ್ರವ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ! ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವುದೇ ಈ ದ್ರವ. ಅದು ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ದ್ರವಕ್ಕೆ ಗೊತ್ತುಮಾಡಿದ ಮಿತಿ ಕೇವಲ 140. ಘಾಟಿಯಲ್ಲಿ ಬ್ರೇಕು ಒತ್ತಿಯೇ ಇಳಿಯುತ್ತ ಹೋದರೆ ಆ ಬಿಸಿಗೆ ಅದು ಕುದಿದು ಆವಿಯಾಗಬಹುದು. ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲು ನೆಲ ಮುಟ್ಟಿದರೂ ಚಕ್ರಕ್ಕೆ ಸುದ್ದಿ ತಲಪುವುದಿಲ್ಲ. ಈಗಿನ ಕಾರುಗಳಲ್ಲಿ ಈ ದ್ರವಕ್ಕೆ ಎರಡು ಪ್ರತ್ಯೇಕ ದಾರಿಗಳಿವೆ. ಒಂದು ಸೋರಿದರೂ ಇನ್ನೊಂದು ಕಾಯುತ್ತದೆ. ನಮ್ಮ ಗಾಡಿಗೆ ಇರುವುದು ಒಂದೇ ದಾರಿ. ಎಲ್ಲಿ ಸೋರಿದರೂ ನಾಲ್ಕು ಚಕ್ರಗಳಿಗೂ ಅಪಾಯ.

ಹಿಂದಿನ ವರ್ಷ ತಾಯಿಯವರನ್ನು ಕೂರಿಸಿಕೊಂಡು, ಚಾರ್ಮಾಡಿ ಘಾಟಿಯನ್ನು ಇಳಿದು, ಉಜಿರೆಗೆ ಮದುವೆಗೆ ಹೋಗಬೇಕಾಗಿತ್ತು. ಹೊರಡುವ ಬೆಳಗ್ಗೆ ನೋಡಿದರೆ ಬ್ರೇಕಿನ ದ್ರವ ಹಿಂದಿನ ಭಾನುವಾರಕ್ಕಿಂತ ಒಂದು ಬೆರಳು ಇಳಿದಿದೆ. "ಒಂದು ಬೆರಳು ತಾನೇ ಕಣೋ, ತುಂಬಿಕೊಂಡು ಹೊರಡು. ಮುಹೂರ್ತ ಮೀರುತ್ತದೆ" ಎಂದರು ಅಮ್ಮ. ನಾನು ಒಪ್ಪಲಿಲ್ಲ. ಗ್ಯಾರೇಜಿನವನನ್ನು ಕರೆಸಿದೆ. ಹಿಂದಿನ ಎಡಚಕ್ರದ ಡ್ರಮ್ಮನ್ನು ಬಿಚ್ಚಿದರೆ ಒಳಗೆಲ್ಲ ಒದ್ದೆ. ಚಕ್ರದ ಸಿಲಿಂಡರಿನ ರಬ್ಬರು ಸೀಳಿತ್ತು. "ತುಂಬಿಕೊಂಡು ಹೊರಟಿದ್ದರೂ ಊರು ದಾಟುವವರೆಗೆ ಏನೂ ಗೊತ್ತಾಗುತ್ತಿರಲಿಲ್ಲ ಮೇಷ್ಟ್ರೇ" ಎಂದ ಆತ, "ಗೊತ್ತಾಗುತ್ತಿದ್ದದ್ದು ಘಾಟಿಯಲ್ಲೇ" ಎಂದು ಕೈ ಒರಸಿಕೊಂಡ. ನಾವು ಬಸ್ಸಿನಲ್ಲಿ ಹೋದೆವು. ಧಾರೆ ಮುಗಿದಿತ್ತು, ಊಟ ಸಿಕ್ಕಿತು. ಎರಡು ದಿನ ಅಮ್ಮ ನನ್ನೊಡನೆ ಮಾತನಾಡಲಿಲ್ಲ.

ಹನಿಗೂಡಿದರೆ ಹಳ್ಳ ಎಂದು ನಮ್ಮ ಗಾದೆ. ಹಳ್ಳ ಬತ್ತುವುದೂ ಹನಿಹನಿಯಾಗಿಯೇ. ಕಡಿಮೆಯಾದುದನ್ನು ತುಂಬುವುದಕ್ಕೆ ಕೈಯಲ್ಲಿ ಡಬ್ಬಿಯಿದ್ದರೆ ಸಾಕು. ಹೋದದ್ದು ಎಲ್ಲಿಗೆ ಎಂದು ಹುಡುಕುವುದಕ್ಕೆ ಮನಸ್ಸು ಬೇಕು. ಈ ಹುಡುಕಾಟಕ್ಕೆ ಖರ್ಚಿಲ್ಲದ ಉಪಾಯವೊಂದುಂಟು. ರಾತ್ರಿ ಗಾಡಿಯ ಕೆಳಗೆ ಹಳೆಯ ದಿನಪತ್ರಿಕೆಯನ್ನು ಹಾಸಿಡಿ. ಬೆಳಗ್ಗೆ ಮುಂದುಗಡೆ ಕಪ್ಪು ಕಲೆಯಿದ್ದರೆ ಎಂಜಿನ್ನಿನ ಎಣ್ಣೆ, ಹಸಿರಾಗಿದ್ದರೆ ಕೂಲೆಂಟು, ಹಿಂದುಗಡೆ ಮಂದವಾಗಿ ಘಾಟು ಹೊಡೆದರೆ ಡಿಫರೆನ್ಷಿಯಲ್ಲಿನದು, ಚಕ್ರದ ಬಳಿ ತೆಳ್ಳಗೆ ತಿಳಿಹಳದಿಯಾಗಿದ್ದರೆ ಬ್ರೇಕಿನದು. ವಾರಪತ್ರಿಕೆಯನ್ನು ಮಾತ್ರ ಹಾಸಬೇಡಿ. ಧಾರಾವಾಹಿಯ ಕಂತು ಎಲ್ಲಿ ಹೋಯಿತೆಂದು ಮನೆಯಲ್ಲಿ ಬೇರೊಂದು ವಿಚಾರಣೆ ಆರಂಭವಾಗುತ್ತದೆ.

ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅಧಿಕಾರಿಗಳು ಗಾಡಿಯನ್ನು ನೋಡುವುದು ಆ ಒಂದು ದಿನ. ಉಳಿದ ದಿನಗಳೆಲ್ಲ ನೋಡುವ ಹೊಣೆ ಒಡೆಯನದು. ಎತ್ತಿನ ಗಾಡಿಯ ಕಾಲದಲ್ಲಿ, ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ನೇಹವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರೀತಿಯೆಂದೂ ಎಣ್ಣೆಯೆಂದೂ ಅರ್ಥವಿರುವುದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಆ ಕೀಲೆಣ್ಣೆಯ ನೆನಪಾಗುತ್ತದೆ.

ಅಮ್ಮನಿಗೆ ಈಗ ಎಪ್ಪತ್ತೆರಡು. ದಿನವೂ ಎರಡು ದೋಸೆ ತಿನ್ನುವವರು ಒಂದು ಬೆಳಗ್ಗೆ ಒಂದೂವರೆಗೇ ಎದ್ದರೆ, "ಇನ್ನರ್ಧ ಹಾಕಿಸಿಕೊಳ್ಳಿ" ಎಂದು ಬಲವಂತ ಮಾಡುವುದನ್ನು ಮನೆಯಲ್ಲಿ ಬಿಟ್ಟಿದ್ದೇವೆ. ಪಕ್ಕದಲ್ಲಿ ಕುಳಿತು, ಏಕೆಂದು ಕೇಳುತ್ತೇವೆ.