ಕಡಮತ್ತಿನ ಕಡಲ ಹೂ

ಕಡಮತ್ ಎಂಬ ಹೆಸರು ಕೇಳಿದ್ದೀರಾ ಮಕ್ಕಳೇ? ಲಕ್ಷದ್ವೀಪದ ಒಂದು ಪುಟ್ಟ ದ್ವೀಪ ಅದು. ನಿಮಗೆ ದೂರದ ಊರು. ನಾನು ಮಂಗಳೂರಿನಲ್ಲಿ ಹುಟ್ಟಿದಾಗ ಮಾತ್ರ ಅದು ನಮ್ಮದೇ ಜಿಲ್ಲೆ! ಕಡಮತ್, ಅಮಿನಿ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಸಾಮಾನು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ನಾನು ಮತ್ತು ಮೊಮ್ಮಗಳು ಪುಟ್ಟಿ ಪರವಾನಗಿ ಪಡೆದು ಕೊಚ್ಚಿಯಿಂದ ಹಡಗು ಹತ್ತಿದೆವು.

ಕಡಮತ್ತಿನಲ್ಲಿ ಗಾಜಿನ ತಳದ ದೋಣಿಯಿದೆ. ಪುಟ್ಟಿ ಬೋರಲು ಮಲಗಿ ಗಾಜಿಗೆ ಮೂಗು ಒತ್ತಿದಳು. ಕೆಳಗೆ ತಿಳಿನೀರು, ಹವಳದ ದಿಬ್ಬಗಳು.

"ಅಜ್ಜ, ನೋಡಿ! ಕಡಲ ಹೂ!"

ಸೀ ಅನಿಮೋನ್‌ಗೆ ಅವಳಿಟ್ಟ ಹೆಸರು ಅದು. ಹೂವಲ್ಲ, ಪ್ರಾಣಿ. ಎಸಳಿನಂತೆ ಕಾಣುವ ಬೆರಳುಗಳಲ್ಲಿ ಚುಚ್ಚುವ ವಿಷವಿದೆ. ಅದರ ನಡುವೆ ಎರಡು ಕ್ಲೌನ್ ಮೀನು ಆರಾಮವಾಗಿ ಆಡುತ್ತಿದ್ದವು. ಮೈಮೇಲಿನ ಲೋಳೆ ಅವುಗಳನ್ನು ವಿಷದಿಂದ ಕಾಯುತ್ತದೆ. ಬಾಡಿಗೆ ಕೊಡದೆ ಇರುವ ಮೀನುಗಳಲ್ಲ ಅವು. ಹೂವನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ.

"ಆದರೆ ಇದು ನೀಮೋ ಅಲ್ಲ" ಎಂದಳು ಪುಟ್ಟಿ, ಸ್ವಲ್ಪ ಬೇಸರದಿಂದ. ಹೌದು, ಕಿತ್ತಳೆ ಬಣ್ಣವಿಲ್ಲ. ಕಪ್ಪು ಮೈ, ಬಿಳಿ ಪಟ್ಟೆ, ಹಳದಿ ಬಾಲ. ನೀಮೋನ ದಾಯಾದಿ ಅನ್ನಿ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ! ಮೊಟ್ಟೆ ಕಾಯುವುದು ಹೆಚ್ಚಾಗಿ ಅಪ್ಪನ ಕೆಲಸ.

ಪುಟ್ಟಿ ಮಾತು ನಿಲ್ಲಿಸಿದಳು. ಅವಳಿಗೆ ಏನು ನೆನಪಾಯಿತೆಂದು ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲೂ ಉಪ್ಪುನೀರಿನ ಅಕ್ವೇರಿಯಂ ಇದೆ. ಕಡಲು ಕೂಗಳತೆಯಲ್ಲಿದ್ದರೂ ಅದರ ನೀರು ತರುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿಯ ಕೆಸರುನೀರು ಸೇರಿ ಉಪ್ಪು ತೆಳುವಾಗಿರುತ್ತದೆ. ಅಂಗಡಿಯ ಸಮುದ್ರ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಶುದ್ಧ ನೀರಿಗೆ ಬೆರೆಸುತ್ತೇವೆ. ಟ್ಯಾಂಕಿನ ನೀರು ಹದಕ್ಕೆ ಬರಲಿ ಎಂದು ಪುಟ್ಟಿ ಎಂಟು ತಿಂಗಳು ಕಾದು, ಆಮೇಲೆ ಒಂದು ಕಡಲ ಹೂ ತಂದಳು. ಅದರ ಮೈಯೊಳಗೆ ಪಾಚಿಗಳಿವೆ, ಬಿಸಿಲಿನಂಥ ಬೆಳಕು ಬೇಕು. ದೀಪ ಹಾಕಿಸಿದೆವು. ಅದು ನಿಧಾನವಾಗಿ ಜಾಗ ಬದಲಿಸುತ್ತದೆ, ಪಂಪಿಗೆ ಸಿಕ್ಕಿಕೊಂಡರೆ ಕಷ್ಟ. ಪಂಪಿಗೆ ಜಾಲರಿ ಕಟ್ಟಿದೆವು.

ಬೇಸಿಗೆಯಲ್ಲಿ ಪುಟ್ಟಿ ಶಿಬಿರಕ್ಕೆ ಹೋದಳು. ಟ್ಯಾಂಕಿನ ಹೊಣೆ ನನ್ನದಾಯಿತು. ನೀರು ಇಳಿದಾಗಲೆಲ್ಲ ಉಪ್ಪುನೀರು ಬೆರೆಸಿ ತುಂಬಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಅಂಗಳದಲ್ಲಿ ಉಪ್ಪಿನಕಾಯಿಯ ಉಪ್ಪುನೀರು ಒಣಗಿಸಿದವನಿಗೆ ಅಷ್ಟೂ ಹೊಳೆಯಲಿಲ್ಲ! ಮೂರನೇ ವಾರ ಹೂ ಮುದುಡಿತು, ಬೆಳ್ಳಗಾಯಿತು, ಸತ್ತಿತು. "ವಯಸ್ಸಾಗಿತ್ತೇನೋ" ಎಂದುಬಿಟ್ಟೆ. ಪುಟ್ಟಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ದೋಣಿಯಲ್ಲಿ ನಾನು ಕೆಮ್ಮಿದೆ. "ಪುಟ್ಟಿ, ಆ ಹೂ ಸತ್ತದ್ದು ನನ್ನಿಂದ. ಉಪ್ಪು ಹೆಚ್ಚು ಹಾಕಿದೆ."

"ಗೊತ್ತು ಅಜ್ಜ. ಉಪ್ಪಿನ ಡಬ್ಬ ಖಾಲಿಯಾಗಿತ್ತಲ್ಲ" ಎಂದಳು, ಗಾಜಿನಿಂದ ಮುಖ ಎತ್ತದೆ.

"ಕೇಳಲಿಲ್ಲ ಯಾಕೆ?"

"ನೀವೇ ಹೇಳ್ತೀರಿ ಅಂತ."

ಇನ್ನೊಂದು ತರೋಣವೇ ಎಂದೆ. ಬೇಡವೆಂದಳು. ನಮ್ಮ ಎರಡು ಕ್ಲೌನ್ ಮೀನುಗಳು ತೊಟ್ಟಿಯಲ್ಲೇ ಹುಟ್ಟಿದವು, ಹೂವಿಲ್ಲದೆಯೂ ಚೆನ್ನಾಗಿವೆ. ಮಡಕೆಯ ಒಂದು ಚೂರನ್ನೇ ಮನೆ ಮಾಡಿಕೊಂಡಿವೆ.

ಊರಿಗೆ ಬಂದವಳೇ ಟ್ಯಾಂಕಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೊಂದು ಗೆರೆ ಎಳೆದಳು. ಅದರ ಪಕ್ಕ ನನಗೆ ಕನ್ನಡಕವಿಲ್ಲದೆ ಓದಲು ಬರುವಷ್ಟು ದಪ್ಪಗೆ ಬರೆದಳು: 'ಅಜ್ಜ, ಇಲ್ಲಿಗೆ ಬರೀ ನೀರು.'