ಅಡಿಕೆ ತೋಟದ ರೊಬಸ್ಟಾ

ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ಅಡಿಕೆ ಸೋತ ಮೇಲೆ ಕೆಲವು ಕೃಷಿಕರು ಕಾಫಿ ಗಿಡ ನೆಡುತ್ತಿದ್ದಾರೆ. ಪುತ್ತೂರು, ಕಡಬದಲ್ಲೂ ಈಗ ಅದೇ ಮಾತು. ನೆಡುವುದು ರೊಬಸ್ಟಾ. ನಮ್ಮ ಸೆಕೆಗೆ, ತಗ್ಗಿನ ನೆಲಕ್ಕೆ ಅರೇಬಿಕಾ ಒಗ್ಗುವುದಿಲ್ಲ.

ರೊಬಸ್ಟಾ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಕಾಫಿಯ ಮುಖ್ಯ ಆಂಟಿಆಕ್ಸಿಡೆಂಟ್ ಆದ ಕ್ಲೋರೋಜೆನಿಕ್ ಆಮ್ಲ ಅರೇಬಿಕಾಕ್ಕಿಂತ ಇದರ ಹಸಿ ಬೀಜದಲ್ಲೇ ಹೆಚ್ಚು. ಕಪ್ಪಾಗುವಷ್ಟು ಹುರಿದರೆ ಬಹುಪಾಲು ಹೋಗಿಬಿಡುತ್ತದೆ. ಚಿಕೋರಿ ಬೆರೆಸಿದಷ್ಟೂ ಲೋಟದಲ್ಲಿ ಕಾಫಿಯೇ ಕಡಿಮೆ.

ನನ್ನನ್ನು ಕಾಡುವುದು ಬೇರೆ. ನಮ್ಮಲ್ಲಿ ನೀರುದೋಸೆಯ ಜತೆಗೇ ಕಾಫಿ ಬೇಕು. ಕ್ಲೋರೋಜೆನಿಕ್ ಆಮ್ಲದಂಥ ಇದೇ ಪಾಲಿಫಿನಾಲ್‌ಗಳು ತಿಂಡಿಯಲ್ಲಿರುವ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ರಕ್ತಹೀನತೆ ಇರುವ ಹೆಂಗಸರು ಕಬ್ಬಿಣದ ಮಾತ್ರೆಯನ್ನು ಕಾಫಿಯ ಜತೆಗೇ ನುಂಗುವುದನ್ನು ಕಂಡಾಗ ಸಂಕಟವಾಗುತ್ತದೆ. ದಯವಿಟ್ಟು ಒಂದೆರಡು ಗಂಟೆ ಬಿಟ್ಟು ಕುಡಿಯಿರಿ. ಬಸುರಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಗಟ್ಟಿಯಾಗಿ ಮಾಡಿದರೆ ಎರಡು ಲೋಟಕ್ಕೇ ಅಷ್ಟು ಆಗಿಬಿಡಬಹುದು.